ಕ್ಲಾಸಿನ ಗೋಡೆಯ ಮೇಲೆ ಯಾರ ಮಾತು?

ಓದುಗರ ಪ್ರಶ್ನೆಗಳಿಗೆ ವಕೀಲೆಯ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಅಮೆರಿಕದ ಸರ್ಕಾರಿ ಶಾಲೆ, ಟೌನ್ ಹಾಲ್, ಕೋರ್ಟುಗಳಲ್ಲಿ ಕಾಣುವ ಧಾರ್ಮಿಕ ಚಿಹ್ನೆಗಳು ಮತ್ತು ಅವುಗಳ ಮುಂದೆ ನಮ್ಮ ಕುಟುಂಬಗಳು ಹೇಗಿರಬೇಕು ಎಂಬುದು. ವೀಸಾ, ಬಾಡಿಗೆ ಕರಾರುಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ನನ್ನ ವಕೀಲಿ ವೃತ್ತಿಯ ಹೆಚ್ಚಿನ ಕಾಲ ಕಳೆದದ್ದು ಸ್ಕೂಲ್ ಬೋರ್ಡುಗಳಿಗೆ ಸಲಹೆ ಕೊಡುವುದರಲ್ಲಿ. ಮೇಜಿನ ಆ ಕಡೆ ಕೂತವರು ಏನು ಯೋಚಿಸುತ್ತಾರೆ ಎಂಬುದು ಗೊತ್ತಿರುವುದರಿಂದ ಈ ಪತ್ರಗಳಿಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಪ್ರಶ್ನೆ: ನನ್ನ ಮಗಳು ನಾಲ್ಕನೇ ಕ್ಲಾಸು. ಈ ವರ್ಷ ಅವಳ ಕ್ಲಾಸ್‌ರೂಮಿನಲ್ಲಿ ದಶಾಜ್ಞೆಗಳ (ಬೈಬಲ್ಲಿನ ಹತ್ತು ಆಜ್ಞೆಗಳ) ಪೋಸ್ಟರ್ ಹಾಕಿದ್ದಾರೆ. ಮೊನ್ನೆ ಮನೆಗೆ ಬಂದವಳೇ "ಅಮ್ಮಾ, ನಾವು ಗಣಪತಿ ಇಡೋದು ತಪ್ಪಾ?" ಅಂತ ಕೇಳಿದಳು. ನನಗೆ ಎದೆ ಧಸಕ್ಕೆಂದಿತು. ನಮ್ಮ ಯಜಮಾನರು "ವೀಸಾದ ಮೇಲಿದ್ದೇವೆ, ಶಾಲೆಯವರ ತಂಟೆಗೆ ಹೋಗಬೇಡ" ಅನ್ನುತ್ತಾರೆ. ಏನು ಮಾಡಲಿ ಮೇಡಂ?
– ಒಬ್ಬ ತಾಯಿ, ಟೆಕ್ಸಾಸ್

ಉತ್ತರ: ತಾಯೀ, ಮೊದಲು ಮಗಳ ಪ್ರಶ್ನೆಗೆ ಉತ್ತರ ಹೇಳಿಬಿಡಿ. ತಪ್ಪಲ್ಲ. ಅದನ್ನು ಹೇಳಬೇಕಾದವರು ನೀವು, ಇವತ್ತೇ ಹೇಳಿ. ಕಾನೂನಿನ ಮಾತು ಆಮೇಲೆ.

ನಿಮ್ಮ ಮಗಳು ಸರಿಯಾಗಿಯೇ ಓದಿದ್ದಾಳೆ. 2025ರಲ್ಲಿ ಟೆಕ್ಸಾಸ್ ಶಾಸನಸಭೆ ಒಪ್ಪಿದ ಸೆನೆಟ್ ಬಿಲ್ 10ರ ಪ್ರಕಾರ ಸರ್ಕಾರಿ ಶಾಲೆಯ ಪ್ರತಿ ತರಗತಿಯಲ್ಲೂ ಕನಿಷ್ಠ 16 ಇಂಚು ಅಗಲ, 20 ಇಂಚು ಎತ್ತರದ ಪೋಸ್ಟರ್ ಎದ್ದು ಕಾಣುವ ಜಾಗದಲ್ಲಿರಬೇಕು. ಸಾಮಾನ್ಯ ದೃಷ್ಟಿ ಇರುವವರಿಗೆ ಕೋಣೆಯ ಯಾವ ಮೂಲೆಯಿಂದಲೂ ಓದಲು ಬರಬೇಕು. ಒಕ್ಕಣೆಯನ್ನೂ ಕಾನೂನೇ ಬರೆದುಕೊಟ್ಟಿದೆ. ಶುರುವಾಗುವುದು ನಾನು ನಿನ್ನ ದೇವರಾದ ಕರ್ತನು ಎಂದು. ಅದರ ಹಿಂದೆಯೇ, ನನ್ನನ್ನು ಬಿಟ್ಟು ಬೇರೆ ದೇವರು ನಿನಗಿರಕೂಡದು. ಅದರ ಹಿಂದೆಯೇ, ವಿಗ್ರಹಗಳನ್ನು ಮಾಡಿಕೊಳ್ಳಕೂಡದು. ಕೊಲ್ಲಬಾರದು, ಕದಿಯಬಾರದು ಎಂಬ ಮಾತುಗಳು ಬರುವುದು ಇನ್ನೂ ಕೆಳಗೆ. "ಒಳ್ಳೇ ಮಾತೇ ಇದೆಯಲ್ಲ, ಇದ್ದರೇನು ನಷ್ಟ" ಎನ್ನುವವರು ಪೋಸ್ಟರನ್ನು ಕೆಳಗಿನಿಂದ ಓದುತ್ತಾರೆ. ಮಗು ಮೇಲಿನಿಂದ ಓದುತ್ತದೆ.

ಬೈಬಲ್ಲಿನಲ್ಲಿ ಆ ಮಾತು ಇರುವುದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಒಬ್ಬ ಪಾದ್ರಿ ಚರ್ಚಿನಲ್ಲಿ ಅದನ್ನು ಬೋಧಿಸಿದರೆ ಅದು ಅವರ ಧರ್ಮ, ಅವರ ಹಕ್ಕು. ಪಕ್ಕದ ಬೆಂಚಿನ ಹುಡುಗ ನಿಮ್ಮ ಮಗಳಿಗೆ ಹೇಳಿದರೂ ಅದು ಮಕ್ಕಳ ಮಾತು, ಅವಳೂ ತಿರುಗಿ ತನ್ನ ಮನೆಯ ಗಣಪತಿಯ ಕಥೆ ಹೇಳಬಹುದು. ಆದರೆ ಕ್ಲಾಸಿನ ಗೋಡೆ ಸರ್ಕಾರದ್ದು. ಮಗು ಅಲ್ಲಿಗೆ ಬರಲೇಬೇಕೆಂದು ಕಾನೂನು ಹೇಳುತ್ತದೆ, ಬಂದ ಮೇಲೆ ಗೋಡೆಯ ಮೇಲಿನದನ್ನು ಕಲಿಯಬೇಕೆಂದು ಟೀಚರ್ ಹೇಳುತ್ತಾರೆ. ಗುಣಾಕಾರದ ಕೋಷ್ಟಕದ ಪಕ್ಕ ವಿಗ್ರಹ ಕೂಡದು ಎಂದು ಬರೆದಿದ್ದರೆ ಒಂಬತ್ತು ವರ್ಷದ ಮಗು ಎರಡನ್ನೂ ಒಂದೇ ತೂಕದಲ್ಲಿ ನಂಬುತ್ತದೆ.

ಇದೇನೂ ಹೊಸ ಜಗಳವಲ್ಲ. ಕೆಂಟಕಿ ರಾಜ್ಯ ಹಿಂದೆಯೇ ಇಂಥ ಕಾನೂನು ಮಾಡಿತ್ತು. ಅಲ್ಲಿಯೂ ಅದೇ 16 ಇಂಚು, 20 ಇಂಚು. ಪೋಸ್ಟರಿನ ದುಡ್ಡು ದಾನಿಗಳಿಂದ ಬಂದದ್ದು, ಪಾಶ್ಚಾತ್ಯ ನಾಗರಿಕತೆಯ ಕಾನೂನಿಗೆ ಇದು ಮೂಲ ಎಂದು ಅಡಿಯಲ್ಲಿ ಸಣ್ಣಕ್ಷರದ ಟಿಪ್ಪಣಿ ಬೇರೆ. 1980ರ ಸ್ಟೋನ್ ವರ್ಸಸ್ ಗ್ರಹಾಂ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ನ್ಯಾಯಮೂರ್ತಿಗಳ 5-4 ಮತದಲ್ಲಿ ರದ್ದುಮಾಡಿತು. ಸಣ್ಣಕ್ಷರ ಹಾಕಿದ ಮಾತ್ರಕ್ಕೆ ಉದ್ದೇಶ ಲೌಕಿಕವಾಗುವುದಿಲ್ಲ, ದುಡ್ಡು ಯಾರದಾದರೂ ನೇತುಹಾಕುತ್ತಿರುವುದು ಸರ್ಕಾರ ಎಂಬುದು ಆ ತೀರ್ಪಿನ ತಿರುಳು. ಟೆಕ್ಸಾಸ್ ಕಾನೂನೂ ದಾನಿಗಳನ್ನೇ ನೆಚ್ಚಿಕೊಂಡಿದೆ. ಯಾರಾದರೂ ಪೋಸ್ಟರ್ ತಂದುಕೊಟ್ಟರೆ ಶಾಲೆ ಬೇಡವೆನ್ನುವಂತಿಲ್ಲ.

ಹಾಗಿದ್ದೂ ಮತ್ತೆ ಯಾಕೆ ಧೈರ್ಯ ಮಾಡಿದರು? 2022ರಲ್ಲಿ ಕೋರ್ಟಿನ ಗಾಳಿ ತಿರುಗಿತು. ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್‌ನಲ್ಲಿ ಫುಟ್‌ಬಾಲ್ ಪಂದ್ಯ ಮುಗಿದ ಮೇಲೆ ಮೈದಾನದ ನಡುವೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದ ಕೋಚ್ ಒಬ್ಬರ ಪರವಾಗಿ 6-3ರ ತೀರ್ಪು ಬಂತು. ಸರ್ಕಾರದ ಉದ್ದೇಶ ಲೌಕಿಕವೇ ಎಂದು ಮೊದಲು ಕೇಳುತ್ತಿದ್ದ, 1971ರಿಂದ ಬಳಕೆಯಲ್ಲಿದ್ದ ಲೆಮನ್ ಪರೀಕ್ಷೆಯನ್ನು ಕೋರ್ಟ್ ಕೈಬಿಟ್ಟು, ಇನ್ನು ಮುಂದೆ ಇತಿಹಾಸ ಮತ್ತು ರೂಢಿಯನ್ನು ನೋಡಬೇಕು ಎಂದಿತು. ಸ್ಟೋನ್ ತೀರ್ಪು ನಿಂತಿದ್ದದ್ದು ಆ ಹಳೆಯ ಪರೀಕ್ಷೆಯ ಮೇಲೆ. ಹಾಗಾಗಿ ಲೂಯಿಸಿಯಾನ 2024ರಲ್ಲಿ, ಟೆಕ್ಸಾಸ್ ಮತ್ತು ಅರ್ಕನ್ಸಾ 2025ರಲ್ಲಿ ಮತ್ತೆ ಕೈಹಾಕಿದವು. ಟೆಕ್ಸಾಸ್ ಕಾನೂನು ಜಾರಿಗೆ ಬರುವ ಮುನ್ನವೇ, ಆಗಸ್ಟ್‌ನಲ್ಲಿ, ಸ್ಯಾನ್ ಆಂಟೋನಿಯೋದ ಫೆಡರಲ್ ನ್ಯಾಯಾಧೀಶರು ಊರೂರಿನ ಸರ್ಕಾರಿ ಶಾಲೆಗಳನ್ನು ನಡೆಸುವ 11 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಗೆ ತಡೆಯಾಜ್ಞೆ ಕೊಟ್ಟರು. ಆ ಮೊಕದ್ದಮೆ ಹೂಡಿದ ಕುಟುಂಬಗಳಲ್ಲಿ ಯೆಹೂದಿಗಳಿದ್ದರು, ಕ್ರೈಸ್ತರೇ ಇದ್ದರು, ಯಾವ ಧರ್ಮವನ್ನೂ ಹಚ್ಚಿಕೊಳ್ಳದವರಿದ್ದರು, ಹಿಂದೂಗಳೂ ಇದ್ದರು. ನೀವು ಒಂಟಿಯಲ್ಲ ಎಂಬುದನ್ನು ನಿಮ್ಮ ಯಜಮಾನರಿಗೆ ತಿಳಿಸಿ. ಅಲ್ಲಿಂದ ವಿಷಯ ನ್ಯೂ ಆರ್ಲಿಯನ್ಸ್‌ನ ಐದನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿಗೆ ಹೋಯಿತು. ಇಂಥ ಆದೇಶಗಳು ಬರುತ್ತವೆ, ತೆರವಾಗುತ್ತವೆ. ಒಂದು ಡಿಸ್ಟ್ರಿಕ್ಟ್‌ಗೆ ಇರುವುದು ಪಕ್ಕದ್ದಕ್ಕೆ ಇರುವುದಿಲ್ಲ. ಆದ್ದರಿಂದ ನೀವು ಮೊದಲು ಕೇಳಬೇಕಾದ್ದು: ನಮ್ಮ ಡಿಸ್ಟ್ರಿಕ್ಟ್ ಈಗ ಯಾವ ಆದೇಶದ ಅಡಿಯಲ್ಲಿದೆ? ಈಮೇಲ್‌ನಲ್ಲೇ ಕೇಳಿ, ಈಮೇಲ್‌ನಲ್ಲೇ ಉತ್ತರ ಪಡೆಯಿರಿ.

ಪತ್ರ ಹೇಗಿರಬೇಕು ಎಂದರೆ, ಪ್ರಿನ್ಸಿಪಾಲರಿಗೆ ಬರೆದು ಸೂಪರಿಂಟೆಂಡೆಂಟ್‌ಗೆ ಪ್ರತಿ ಹಾಕಿ. ಅದರಲ್ಲಿ ವಾದ ಬೇಡ, ತತ್ತ್ವಶಾಸ್ತ್ರ ಬೇಡ. ನಿಮ್ಮ ಮಗಳು ಹೇಳಿದ ಮಾತನ್ನು ಹೇಳಿದ ಹಾಗೇ ಬರೆಯಿರಿ, ತಾರೀಖು ಹಾಕಿ. ಬೋರ್ಡಿನ ಸಭೆಗಳಲ್ಲಿ ನಾನು ನೋಡಿದ್ದೇನೆ, ಹತ್ತು ಪುಟದ ವಾದ ಫೈಲಿಗೆ ಹೋಗುತ್ತದೆ, ಮಗುವಿನ ಒಂದು ವಾಕ್ಯವನ್ನು ಸದಸ್ಯರು ಒಬ್ಬರಿಗೊಬ್ಬರು ಓದಿ ಹೇಳುತ್ತಾರೆ. ಟೀಚರ್ ಮೇಲೆ ಮಾತ್ರ ದೂರು ಹಾಕಬೇಡಿ. ಅವರು ಮೇಲಿನವರು ಹೇಳಿದ್ದನ್ನು ಮಾಡಿದವರು, ಅವರಲ್ಲೇ ಎಷ್ಟೋ ಜನಕ್ಕೆ ಇದು ಇಷ್ಟವಿಲ್ಲ.

ಎರಡು ಮಾತಿಗೆ ಒಪ್ಪಬೇಡಿ. ಒಂದು, "ನಿಮ್ಮ ಮಗಳನ್ನು ಆ ಹೊತ್ತಿಗೆ ಹೊರಗೆ ಕಳಿಸುತ್ತೇವೆ, ಬೇರೆ ಕಡೆ ಕೂರಿಸುತ್ತೇವೆ" ಎಂಬ ಸಮಾಧಾನ. ಪೆನ್ಸಿಲ್ವೇನಿಯಾದ ಶಾಲೆಗಳಲ್ಲಿ ಬೆಳಗ್ಗೆ ಬೈಬಲ್ ಓದಿಸುತ್ತಿದ್ದ ಕಾಲದಲ್ಲಿ, ಬೇಡದವರು ಹೊರಗಿರಬಹುದು ಎಂಬ ವಿನಾಯಿತಿ ಇತ್ತು. ಮೊಕದ್ದಮೆ ಹೂಡಿದ ತಂದೆ ಅದನ್ನು ಬಳಸಿಕೊಳ್ಳಲಿಲ್ಲ. ಮಕ್ಕಳು ಹಾಲ್‌ನಲ್ಲಿ ನಿಂತರೆ ಶಿಕ್ಷೆಗೆ ನಿಂತ ಹಾಗೆ ಕಾಣುತ್ತದೆ, ವಿಚಿತ್ರದವರು ಎಂಬ ಹೆಸರು ಅಂಟುತ್ತದೆ ಎಂದು ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. 1963ರಲ್ಲಿ ಸುಪ್ರೀಂ ಕೋರ್ಟ್ ಅವರ ಕಡೆ ನಿಂತಿತು. ಇನ್ನೊಂದು, "ಪಕ್ಕದಲ್ಲಿ ನಿಮ್ಮದೂ ಒಂದು ಶ್ಲೋಕ ಹಾಕುತ್ತೇವೆ" ಎಂದರೆ ಕೈಮುಗಿದು ಬೇಡ ಅನ್ನಿ. ಸರ್ಕಾರ ಮಗುವಿಗೆ ದೇವರ ಪಾಠ ಹೇಳಬಹುದು ಎಂದು ಒಪ್ಪಿಕೊಂಡ ಮೇಲೆ, ಯಾವ ದೇವರು, ಎಷ್ಟು ದೊಡ್ಡ ಅಕ್ಷರ ಎಂಬುದನ್ನು ಬಹುಮತ ತೀರ್ಮಾನಿಸುತ್ತದೆ. ಆ ತಕ್ಕಡಿಯಲ್ಲಿ ನಾವು ಎಂದೂ ತೂಗುವುದಿಲ್ಲ.

ವೀಸಾದ ಹೆದರಿಕೆ ನನಗೆ ಅರ್ಥವಾಗುತ್ತದೆ. ಶಾಲೆಗೆ ಪತ್ರ ಬರೆಯುವ ಹಕ್ಕು ಪೌರರಿಗಷ್ಟೇ ಮೀಸಲಲ್ಲ, ಸರ್ಕಾರಿ ಶಾಲೆಯಲ್ಲಿ ಮಗುವಿನ ಸ್ಥಾನ ಅಪ್ಪ ಅಮ್ಮನ ವೀಸಾದ ಮೇಲೆ ನಿಂತಿಲ್ಲ. ಅದನ್ನು 1982ರಲ್ಲೇ ಕೋರ್ಟ್ ಹೇಳಿದೆ, ಅದೂ ಟೆಕ್ಸಾಸ್‌ನ ಮೊಕದ್ದಮೆಯಲ್ಲೇ. ಮೊಕದ್ದಮೆ ಹೂಡುವ ಭಾರ ನಿಮ್ಮ ಮೇಲೇ ಬರಬೇಕಿಲ್ಲ, ಅದನ್ನು ಹೊತ್ತವರು ಈಗಾಗಲೇ ಇದ್ದಾರೆ. ಮತ್ತೆ ಮಗಳಿಗೆ ಇದನ್ನೂ ಹೇಳಿ: ಕುಂಕುಮ ಇಟ್ಟುಕೊಂಡು ಹೋಗಬಹುದು, ಊಟಕ್ಕೆ ಮೊದಲು ಶ್ಲೋಕ ಹೇಳಿಕೊಳ್ಳಬಹುದು. ಆ ಹಕ್ಕು ಅವಳದು. ಅದನ್ನು ತಡೆದರೆ ಆಗ ನನಗೆ ಇನ್ನೊಂದು ಪತ್ರ ಬರೆಯಿರಿ, ತಡಮಾಡದೆ.

ಪ್ರಶ್ನೆ: ನೀವು ಹಿಂದೊಮ್ಮೆ "ಚರ್ಚು ಮತ್ತು ಸರ್ಕಾರದ ನಡುವಿನ ಗೋಡೆ" ಎಂದು ಬರೆದಿರಿ. ಅಮೆರಿಕದ ಸಂವಿಧಾನದಲ್ಲಿ ಅಂಥ ಗೋಡೆಯ ಮಾತೇ ಇಲ್ಲ. ಈ ದೇಶವನ್ನು ಕಟ್ಟಿದವರು ಕ್ರೈಸ್ತರು. ನಾವು ಬಂದು ಸೇರಿಕೊಂಡವರು. ಮನೆಯವರು ತಮ್ಮ ದೇವರ ಪಟ ಹಾಕಿಕೊಂಡರೆ ಅತಿಥಿಗಳು ಆಕ್ಷೇಪಿಸುವುದು ಮರ್ಯಾದೆಯೇ?
– ನಿವೃತ್ತ ಎಂಜಿನಿಯರ್, ಓಹಾಯೋ

ಉತ್ತರ: ಸರ್, ಸಂವಿಧಾನದಲ್ಲಿ ಆ ಪದ ಇಲ್ಲ, ನಿಜ. ಮೊದಲನೇ ತಿದ್ದುಪಡಿಯಲ್ಲಿ ಇರುವುದು ಇಷ್ಟು: ಧರ್ಮವೊಂದನ್ನು ಸರ್ಕಾರಿ ಧರ್ಮವಾಗಿ ಪ್ರತಿಷ್ಠಾಪಿಸುವ ಕಾನೂನನ್ನಾಗಲಿ, ಧರ್ಮಾಚರಣೆಯನ್ನು ತಡೆಯುವ ಕಾನೂನನ್ನಾಗಲಿ ಕಾಂಗ್ರೆಸ್, ಅಂದರೆ ಇಲ್ಲಿನ ಸಂಸತ್ತು, ಮಾಡಕೂಡದು. ಅದು ಸಂವಿಧಾನಕ್ಕೆ ಸೇರಿದ್ದು 1791ರಲ್ಲಿ. ಗೋಡೆಯ ಮಾತು ಬಂದದ್ದು ಹತ್ತು ವರ್ಷದ ಮೇಲೆ, ಒಂದು ಪತ್ರದಲ್ಲಿ. ಆ ಪತ್ರ ಯಾರಿಗೆ ಬರೆದದ್ದು ಎಂಬುದರಲ್ಲೇ ನಿಮ್ಮ ಅತಿಥಿಯ ಪ್ರಶ್ನೆಗೂ ಉತ್ತರವಿದೆ.

ಕನೆಕ್ಟಿಕಟ್ ರಾಜ್ಯದಲ್ಲಿ ಆಗ ಕಾಂಗ್ರಿಗೇಶನಲ್ ಚರ್ಚು ಸರ್ಕಾರಿ ಚರ್ಚು. ಅದರ ಖರ್ಚಿಗೆ ಜನ ತೆರಿಗೆ ಕಟ್ಟಬೇಕು. ಬ್ಯಾಪ್ಟಿಸ್ಟರು ಎಂಬ ಬೇರೆ ಕ್ರೈಸ್ತ ಪಂಥದವರು ವಿನಾಯಿತಿ ಬೇಕೆಂದರೆ, ತಾವು ಇಂಥ ಬೇರೆ ಚರ್ಚಿಗೆ ಹೋಗುವವರು ಎಂದು ಸರ್ಟಿಫಿಕೇಟ್ ಸಲ್ಲಿಸಬೇಕು. 1801ರ ಅಕ್ಟೋಬರ್‌ನಲ್ಲಿ ಡ್ಯಾನ್‌ಬರಿಯ ಬ್ಯಾಪ್ಟಿಸ್ಟ್ ಸಂಘದವರು ಹೊಸ ಅಧ್ಯಕ್ಷ ಜೆಫರ್ಸನ್‌ಗೆ ಪತ್ರ ಬರೆದರು. ನಮಗಿರುವ ಧಾರ್ಮಿಕ ಸ್ವಾತಂತ್ರ್ಯವೆಲ್ಲ ದಯಪಾಲಿಸಿದ ಕೃಪೆಯಾಗಿ ಸಿಗುತ್ತಿದೆಯೇ ಹೊರತು ಕಿತ್ತುಕೊಳ್ಳಲಾಗದ ಹಕ್ಕಾಗಿ ಅಲ್ಲ ಎಂಬುದು ಅವರ ದೂರು. ಸರ್, ಅವರು ಕ್ರೈಸ್ತರು. ಆ ಮಣ್ಣಿನವರು. ಆದರೂ ಬಹುಮತದ ಚರ್ಚಿಗೆ ಸೇರದ್ದರಿಂದ ತಮ್ಮ ಊರಿನಲ್ಲೇ ಅತಿಥಿಗಳಂತೆ ಬದುಕಬೇಕಾಯಿತು, ಅದನ್ನು ಅವರು ಒಪ್ಪಲಿಲ್ಲ. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲಿ ಆ ಗೋಡೆ ಬರುತ್ತದೆ. ವರ್ಜೀನಿಯಾದಲ್ಲಿ ಇದಕ್ಕಿಂತ ಕಷ್ಟವಿತ್ತು. ಅನುಮತಿ ಇಲ್ಲದೆ ಬೋಧಿಸಿದರೆಂದು ಬ್ಯಾಪ್ಟಿಸ್ಟ್ ಬೋಧಕರನ್ನು ಜೈಲಿಗೆ ಹಾಕುತ್ತಿದ್ದರು. ಪಕ್ಕದ ಕೌಂಟಿಯಲ್ಲಿ ಐದಾರು ಸಜ್ಜನರು ಹಾಗೆ ಸೆರೆಯಲ್ಲಿದ್ದಾರೆಂದು 1774ರಲ್ಲಿ ಗೆಳೆಯನಿಗೆ ಕಾಗದ ಬರೆದ ತರುಣನ ಹೆಸರು ಜೇಮ್ಸ್ ಮ್ಯಾಡಿಸನ್. ಮುಂದೆ ಮೊದಲನೇ ತಿದ್ದುಪಡಿಯನ್ನು ಕಾಂಗ್ರೆಸ್ಸಿನಲ್ಲಿ ಮಂಡಿಸಿದವರೂ ಅವರೇ.

ನಿಮ್ಮ ಕಡೆಯ ವಾದಕ್ಕೂ ನ್ಯಾಯ ಸಲ್ಲಿಸಬೇಕು. ಅದೇ ಜನವರಿ 1ರಂದು ಜೆಫರ್ಸನ್ ಮನೆಗೆ ಮ್ಯಾಸಚೂಸೆಟ್ಸ್‌ನ ಚೆಷೈರ್‌ನಿಂದ 1,235 ಪೌಂಡು ತೂಕದ ಒಂದು ಚೀಸ್ ಬಂದಿಳಿಯಿತು. ಧಾರ್ಮಿಕ ಸ್ವಾತಂತ್ರ್ಯಕ್ಕೆ ನಿಂತವನಿಗೆ ಅಲ್ಲಿನ ಬ್ಯಾಪ್ಟಿಸ್ಟ್ ರೈತರ ಕಾಣಿಕೆ ಅದು, ತಂದವರು ಜಾನ್ ಲೀಲಂಡ್ ಎಂಬ ಬೋಧಕರು. ಎರಡು ದಿನ ಬಿಟ್ಟು, ಭಾನುವಾರ, ಅದೇ ಲೀಲಂಡ್ ಪ್ರತಿನಿಧಿ ಸಭೆಯ ಸಭಾಂಗಣದಲ್ಲೇ ಪ್ರವಚನ ಮಾಡಿದರು, ಜೆಫರ್ಸನ್ ಹೋಗಿ ಕೂತು ಕೇಳಿದರು. ಗೋಡೆ ಮೊದಲ ವಾರದಿಂದಲೇ ಬಾಗಿಲಿಲ್ಲದ ಗೋಡೆಯಾಗಿರಲಿಲ್ಲ ಎಂದು ನಿಮ್ಮಂಥವರು ಹೇಳಿದರೆ ನಾನು ಇಲ್ಲವೆನ್ನಲಾರೆ. ರಾಜ್ಯಗಳಂತೂ ತಮ್ಮ ಚರ್ಚು ತೆರಿಗೆಯನ್ನು ಇನ್ನೂ ಕೆಲಕಾಲ ಇಟ್ಟುಕೊಂಡವು. ಕನೆಕ್ಟಿಕಟ್ ಬಿಟ್ಟದ್ದು 1818ರಲ್ಲಿ, ಮ್ಯಾಸಚೂಸೆಟ್ಸ್ 1833ರಲ್ಲಿ. ಮೊದಲನೇ ತಿದ್ದುಪಡಿಯ ಈ ನಿಯಮ ರಾಜ್ಯಗಳಿಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1947ರಲ್ಲಿ. ಆದರೆ ಗೋಡೆ ಕೇಳಿದವರು ಯಾರು ಎಂಬುದನ್ನು ಮರೆಯಬಾರದು. ದೇವರನ್ನು ನಂಬದವರು ಕೇಳಿದ್ದಲ್ಲ. ಗಾಢವಾಗಿ ನಂಬಿದ, ಸಂಖ್ಯೆಯಲ್ಲಿ ಸಣ್ಣವರಾದ ಜನ ಕೇಳಿದ್ದು. ನಾವು ಅವರ ಸಾಲಿನವರು. ಪೌರತ್ವ ತೆಗೆದುಕೊಂಡು, ತೆರಿಗೆ ಕಟ್ಟಿ, ಮಕ್ಕಳನ್ನು ಇಲ್ಲೇ ಹೆತ್ತು ಬೆಳೆಸಿದ ನಿಮ್ಮನ್ನು ನೀವೇ ಅತಿಥಿ ಎಂದು ಕರೆದುಕೊಳ್ಳುವುದು ಓದಿ ನನಗೆ ನಿಜಕ್ಕೂ ನೋವಾಯಿತು.

ಪ್ರಶ್ನೆ: ನಮ್ಮ ಟೌನ್ ಹಾಲ್ ಮುಂದೆ ಡಿಸೆಂಬರ್‌ನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಗೊಂಬೆಗಳು) ಇಡುತ್ತಾರೆ, ಯೆಹೂದಿಗಳ ಮೆನೋರಾ ದೀಪಸ್ತಂಭವೂ ಇರುತ್ತದೆ. ದೀಪಾವಳಿಗೆ ನಮ್ಮದೂ ಒಂದು ದೊಡ್ಡ ದೀಪ ಇಡಿ ಎಂದು ಕನ್ನಡ ಸಂಘದಿಂದ ಕೇಳೋಣವೆಂದಿದ್ದೇವೆ. ಕೊಡಲೇಬೇಕಲ್ಲವೇ?
– ಸಂಘದ ಕಾರ್ಯದರ್ಶಿ, ನ್ಯೂಜೆರ್ಸಿ

ಉತ್ತರ: ಕೊಡಲೇಬೇಕು ಎಂದು ಹೇಳಲು ಬರುವುದಿಲ್ಲ. ಆ ಗೋದಲಿ ಯಾರದು ಎಂಬುದನ್ನು ಮೊದಲು ತಿಳಿಯಿರಿ.

ಟೌನ್‌ನದೇ ಆಗಿದ್ದರೆ, ಅದು ಸರ್ಕಾರದ ಮಾತು. ಯಾವುದನ್ನು ಇಡಬೇಕೆಂದು ಆರಿಸುವ ಸ್ವಾತಂತ್ರ್ಯ ಅವರಿಗಿದೆ. ಯೂಟಾದ ಪ್ಲೆಸೆಂಟ್ ಗ್ರೋವ್ ಪಾರ್ಕಿನಲ್ಲಿ ದಶಾಜ್ಞೆಗಳ ಕಲ್ಲಿತ್ತು. ಸಮ್ಮಮ್ ಎಂಬ ಸಣ್ಣ ಪಂಥದವರು ತಮ್ಮ ಏಳು ಸೂತ್ರಗಳ ಕಲ್ಲನ್ನೂ ಇಡಿ ಎಂದರು. ಪಾರ್ಕಿನ ಶಾಶ್ವತ ಸ್ಮಾರಕ ಸರ್ಕಾರದ ಮಾತು, ಎಲ್ಲರಿಗೂ ಜಾಗ ಕೊಡಬೇಕಿಲ್ಲ ಎಂದು 2009ರಲ್ಲಿ ಕೋರ್ಟ್ ಒಮ್ಮತದಿಂದ ಹೇಳಿತು. ಇದಕ್ಕೆ ತಿರುಗುಮುರುಗಾದದ್ದು ಬಾಸ್ಟನ್. ಸಿಟಿ ಹಾಲ್ ಮುಂದೆ 83 ಅಡಿಯ ಮೂರು ಧ್ವಜಸ್ತಂಭ. ಮೂರನೆಯದನ್ನು ಸಂಘ ಸಂಸ್ಥೆಗಳಿಗೆ ಬಿಟ್ಟುಕೊಡುತ್ತಿದ್ದರು. 2005ರಿಂದ 2017ರವರೆಗೆ 284 ಸಮಾರಂಭಗಳಿಗೆ ಒಪ್ಪಿಗೆ ಕೊಟ್ಟು, ಕ್ರೈಸ್ತ ಧ್ವಜ ಹಾರಿಸುತ್ತೇವೆ ಎಂದವರಿಗೆ ಮಾತ್ರ ಇಲ್ಲವೆಂದರು. 2022ರಲ್ಲಿ ಒಂಬತ್ತೂ ನ್ಯಾಯಮೂರ್ತಿಗಳು ಬಾಸ್ಟನ್ ಮಾಡಿದ್ದು ತಪ್ಪು ಎಂದರು. ಜಾಗವನ್ನು ಸಾರ್ವಜನಿಕರಿಗೆ ತೆರೆದ ಮೇಲೆ ಧರ್ಮದ ಕಾರಣಕ್ಕೆ ಒಬ್ಬರನ್ನು ಹೊರಗಿಡುವಂತಿಲ್ಲ. ಹಾಗಾಗಿ ನೀವು ಟೌನ್ ಕ್ಲರ್ಕ್ ಹತ್ತಿರ ಹೋಗಿ ಪ್ರದರ್ಶನದ ಲಿಖಿತ ನಿಯಮ ಕೊಡಿ ಎಂದು ಕೇಳಿ. ಹೊರಗಿನವರು ತಮ್ಮ ಖರ್ಚಿನಲ್ಲಿ, ಪರ್ಮಿಟ್ ಪಡೆದು ಇಡಬಹುದು ಎಂದಿದ್ದರೆ ನಿಮ್ಮ ದಾರಿ ಸಲೀಸು. ಅರ್ಜಿ ಹಾಕಿ, ದೀಪ ನಿಮ್ಮದೇ ಇರಲಿ, ಸಂಘದ ಹೆಸರಿನ ಫಲಕ ಪಕ್ಕದಲ್ಲಿರಲಿ.

ಟೌನ್‌ನವರೇ ಖರೀದಿಸಿ, ಟೌನ್‌ನ ಹೆಸರಿನಲ್ಲೇ ಬೆಳಗಿಸಲಿ ಎಂಬುದು ನಿಮ್ಮ ಆಸೆಯಾಗಿದ್ದರೆ, ದಯವಿಟ್ಟು ಬೇಡ. ಕಾರಣ ಹೇಳುತ್ತೇನೆ. ರೋಡ್ ಐಲ್ಯಾಂಡ್‌ನ ಪಾಟಕೆಟ್ ನಗರ 1973ರಲ್ಲಿ 1,365 ಡಾಲರ್ ಕೊಟ್ಟು ಒಂದು ಗೋದಲಿ ಕೊಂಡಿತ್ತು. ಕೋರ್ಟಿನಲ್ಲಿ ಅದು ಉಳಿದುಕೊಂಡದ್ದು ಹೇಗೆ ಗೊತ್ತೇ? ಸುತ್ತ ಸಾಂತಾ ಕ್ಲಾಸ್‌ನ ಮನೆ, ಹಿಮಸಾರಂಗ, ಕೋಡಂಗಿ, ಆನೆ, ಟೆಡ್ಡಿ ಬೇರ್ ಎಲ್ಲ ಇದ್ದವು. ಇಷ್ಟರ ನಡುವೆ ಇದು ಹಬ್ಬದ ಕಾಲದ ಅಲಂಕಾರದ ಒಂದು ಭಾಗ ಎಂದು 1984ರಲ್ಲಿ 5-4ರಿಂದ ಒಪ್ಪಿದರು. ಐದು ವರ್ಷದ ಮೇಲೆ ಪಿಟ್ಸ್‌ಬರ್ಗ್‌ನ ಕೌಂಟಿ ಕೋರ್ಟ್‌ಹೌಸಿನ ದೊಡ್ಡ ಮೆಟ್ಟಿಲ ಮೇಲೆ ಗೋದಲಿ ಒಂದೇ ಇತ್ತು, ದೇವದೂತನ ಕೈಯಲ್ಲಿ ದೇವರಿಗೆ ಮಹಿಮೆ ಎಂಬ ಬರಹ ಇತ್ತು. ಅದು ಬಿದ್ದುಹೋಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಕಟ್ಟಡದ ಮುಂದಿನ 18 ಅಡಿಯ ಮೆನೋರಾ ಉಳಿಯಿತು, ಪಕ್ಕದಲ್ಲಿ 45 ಅಡಿಯ ಕ್ರಿಸ್ಮಸ್ ಮರ ಇದ್ದದ್ದರಿಂದ. ಅಂದರೆ ದೇವರ ಬಗ್ಗೆ ಗಟ್ಟಿಯಾಗಿ ಮಾತಾಡಿದ ಗೋದಲಿ ಸೋತಿತು, ಕೋಡಂಗಿಯ ಪಕ್ಕ ಸುಮ್ಮನೆ ನಿಂತ ಗೋದಲಿ ಗೆದ್ದಿತು. ಹಸುಗೂಸು ಯೇಸುವನ್ನು ನಂಬುವ ಒಬ್ಬ ಭಕ್ತೆಗೆ ಇದು ಗೆಲುವೇ? ಪಾಟಕೆಟ್ ಮೊಕದ್ದಮೆಯ ಭಿನ್ನಮತದಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಇದೇ ಸಂಕಟವನ್ನು ತೋಡಿಕೊಂಡಿದ್ದರು. ಇತ್ತೀಚಿನ ತೀರ್ಪುಗಳಲ್ಲಿ ಆ ಅಳತೆಗೋಲು ಬದಲಾಗಿದೆ, ಆದರೆ ಸರ್ಕಾರದ ಕೈಗೆ ಕೊಟ್ಟ ಪೂಜಾವಸ್ತುವಿಗೆ ಆಗುವ ಗತಿ ಬದಲಾಗಿಲ್ಲ. ನರಕಚತುರ್ದಶಿಯ ಬೆಳಗಿನ ದೀಪ ಪುರಸಭೆಯ ಬಜೆಟ್ಟಿನಲ್ಲಿ ಅಲಂಕಾರದ ಸಾಮಾನಾಗಿ ನಮೂದಾಗುವುದು ನನಗೆ ಬೇಡ.

ಪ್ರಶ್ನೆ: ಸಿಟಿ ಕೌನ್ಸಿಲ್ ಸಭೆಯ ಆರಂಭದಲ್ಲಿ ಪ್ರಾರ್ಥನೆ ಮಾಡಲು ನಮ್ಮ ದೇವಸ್ಥಾನದ ಅರ್ಚಕರನ್ನು ಕರೆದಿದ್ದಾರೆ. ಕಮಿಟಿಯಲ್ಲಿ ಎರಡು ಅಭಿಪ್ರಾಯ. ನೀವು ಸರ್ಕಾರ ಮತ್ತು ಧರ್ಮ ಬೇರೆ ಇರಬೇಕು ಎನ್ನುವವರು. ಹೋಗಬೇಡಿ ಎನ್ನುತ್ತೀರಾ?
– ದೇವಸ್ಥಾನ ಕಮಿಟಿ ಸದಸ್ಯೆ, ಇಲಿನಾಯ್

ಉತ್ತರ: ಹೋಗಲಿ. ಇಂಥ ಪ್ರಾರ್ಥನೆಯೇ ಇಲ್ಲದೆ ಸಭೆ ಶುರುವಾದರೆ ನನಗೆ ಇನ್ನೂ ಸಂತೋಷ. ಆದರೆ ಕೋರ್ಟ್ ಇದಕ್ಕೆ ಎರಡು ಸಲ ಒಪ್ಪಿಗೆ ಕೊಟ್ಟಾಗಿದೆ: 1983ರಲ್ಲಿ ನೆಬ್ರಾಸ್ಕಾ ಶಾಸನಸಭೆಯ ವಿಷಯದಲ್ಲಿ, 2014ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ರೀಸ್ ಎಂಬ ಊರಿನ ವಿಷಯದಲ್ಲಿ. ಇರುವುದಾದರೆ ಅದು ಒಂದೇ ಧರ್ಮದವರ ಸೊತ್ತಾಗಬಾರದು. ಗ್ರೀಸ್‌ನಲ್ಲಿ 1999ರಿಂದ ವರ್ಷಗಟ್ಟಲೆ ಬಂದವರೆಲ್ಲ ಕ್ರೈಸ್ತ ಪಾದ್ರಿಗಳು. ಇಬ್ಬರು ಮಹಿಳೆಯರು ತಕರಾರು ಎತ್ತಿದ ಮೇಲೆ ಒಬ್ಬ ಯೆಹೂದಿ, ಒಬ್ಬ ಬಹಾಯಿ, ವಿಕ್ಕನ್ ಎಂಬ ಪ್ರಕೃತಿ ಆರಾಧಕ ಪಂಥದ ಒಬ್ಬ ಪೂಜಾರಿಣಿಗೆ ಸರದಿ ಬಂತು. ಕೋರ್ಟ್ ಊರಿನ ಪರವಾಗಿ 5-4ರಲ್ಲಿ ತೀರ್ಪಿತ್ತಿತು.

ಆ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಎಲೆನಾ ಕಗಾನ್ ಬರೆದ ಭಿನ್ನಮತವನ್ನು ನಿಮ್ಮ ಕಮಿಟಿಯವರು ಹುಡುಕಿ ಓದಬೇಕು. ಮುಸ್ಲಿಂ ಹೆಣ್ಣುಮಗಳೊಬ್ಬಳು ತನ್ನ ಬೀದಿಯ ತಿರುವಿಗೆ ಟ್ರಾಫಿಕ್ ಲೈಟ್ ಬೇಕೆಂದೋ, ಕಟ್ಟಡದ ಅನುಮತಿ ಬೇಕೆಂದೋ ಬೋರ್ಡಿನ ಮುಂದೆ ಬರುತ್ತಾಳೆ. ಅವಳ ಅರ್ಜಿಯನ್ನು ತೀರ್ಮಾನಿಸುವ ಐದಾರು ಜನ ಎದುರಿಗೇ ಕೂತಿದ್ದಾರೆ. ಪಾದ್ರಿ ಬೋರ್ಡಿಗೆ ಬೆನ್ನು ಮಾಡಿ, ಸಭಿಕರ ಕಡೆ ತಿರುಗಿ, ಎಲ್ಲರೂ ಯೇಸುವಿನ ಹೆಸರಿನಲ್ಲಿ ಪ್ರಾರ್ಥಿಸೋಣ ಎನ್ನುತ್ತಾರೆ. ಅವಳೀಗ ತಲೆಬಾಗಬೇಕೇ, ಎದ್ದು ಹೊರಗೆ ಹೋಗಬೇಕೇ? ಯಾವುದು ಮಾಡಿದರೂ ಕಳೆದುಕೊಳ್ಳುವುದು ಅವಳೇ. ಹೀಗಾಗಿ ನಿಮ್ಮ ಅರ್ಚಕರಿಗೆ ನಾನು ಹೇಳುವುದು: ಕೌನ್ಸಿಲ್ ಸದಸ್ಯರ ಕಡೆ ಮುಖಮಾಡಿ ನಿಲ್ಲಲಿ, ಪ್ರಾರ್ಥನೆ ಅವರಿಗಾಗಿ. ಸಭಿಕರನ್ನು ಎದ್ದು ನಿಲ್ಲಿ ಎನ್ನದಿರಲಿ, ಓಂ ಹೇಳಿಸದಿರಲಿ. ಅಸತೋಮಾ ಸದ್ಗಮಯ ಹೇಳಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿ ಇಳಿದರೆ ಸಾಕು. ಅಲ್ಲಿ ಕೂತ ಬೇರೆ ಧರ್ಮದ ಹೆಂಗಸಿಗೆ ನಮ್ಮಿಂದ ಆ ಇಕ್ಕಟ್ಟು ಬರಬಾರದು.

ಕೆಲವರು ಕೂಗಾಡಿದರೆ ಎಂಬ ಭಯ ನಿಮ್ಮ ಪತ್ರದ ಕೊನೆಯಲ್ಲಿದೆ. 2000ದ ಸೆಪ್ಟೆಂಬರ್‌ನಲ್ಲಿ ಓಹಾಯೋದ ಪಾರ್ಮಾದ ಶಿವ ವಿಷ್ಣು ದೇವಸ್ಥಾನದ ಅರ್ಚಕರು ಪ್ರತಿನಿಧಿ ಸಭೆಯಲ್ಲಿ ಮೊದಲ ಹಿಂದೂ ಪ್ರಾರ್ಥನೆ ಮಾಡಿದರು. 2007ರ ಜುಲೈ 12ರಂದು ಸೆನೆಟ್‌ನಲ್ಲಿ ಹಿಂದೂ ಪುರೋಹಿತ ರಾಜನ್ ಜೇಡ್ ಪ್ರಾರ್ಥನೆ ಶುರುಮಾಡಿದಾಗ ಗ್ಯಾಲರಿಯಿಂದ ಮೂವರು ಕೂಗಿದರು. ಅವರನ್ನು ಹಿಡಿದು ಹೊರಗೆ ಕರೆದೊಯ್ದರು, ಜೇಡ್ ಪ್ರಾರ್ಥನೆ ಮುಗಿಸಿದರು. ಹೋಗುವ ಮುನ್ನ ಇಷ್ಟು ಮಾಡಿ: ಸರದಿಯ ಪಟ್ಟಿ ಹೇಗೆ ತಯಾರಾಗುತ್ತದೆ ಎಂದು ಸಿಟಿ ಕ್ಲರ್ಕ್‌ಗೆ ಕೇಳಿ, ಪಟ್ಟಿಯಲ್ಲಿ ಇಲ್ಲದ ಮಸೀದಿ, ಗುರುದ್ವಾರಗಳ ಹೆಸರು ನೀವೇ ಕೊಡಿ.

ಪ್ರಶ್ನೆ: ಕೌಂಟಿ ಆಫೀಸಿನಲ್ಲಿ ಕೆಲಸ ಸಿಕ್ಕಿದೆ. ಮೇಜಿನ ಮೇಲೆ ಪುಟ್ಟ ಗಣೇಶ ಇಟ್ಟುಕೊಳ್ಳಬಹುದೇ?
– ಹೊಸ ಉದ್ಯೋಗಿ, ಜಾರ್ಜಿಯಾ

ಉತ್ತರ: ಇಟ್ಟುಕೊಳ್ಳಪ್ಪ. ಬೇರೆಯವರ ಮೇಜಿನ ಮೇಲೆ ಫ್ಯಾಮಿಲಿ ಫೋಟೋ, ಶಿಲುಬೆ ಇರಬಹುದಾದರೆ ನಿನ್ನ ಗಣೇಶನೂ ಇರಬಹುದು. ನೋಡಿದವರಿಗೆ ಅದು ನಿನ್ನ ಭಕ್ತಿ ಎಂದು ಗೊತ್ತಾಗುತ್ತದೆ, ಕೌಂಟಿಯದು ಎಂದು ಯಾರೂ ತಿಳಿಯುವುದಿಲ್ಲ. ಸರ್ಕಾರದ್ದೇ ಎಂದು ಕಾಣುವಂತೆ ಇಟ್ಟರೆ ಕಥೆ ಬೇರೆ. ಅಲಬಾಮಾದ ಮುಖ್ಯ ನ್ಯಾಯಮೂರ್ತಿ ರಾಯ್ ಮೂರ್ 2001ರಲ್ಲಿ ನ್ಯಾಯಾಂಗ ಭವನದ ಒಳಗೆ 5,280 ಪೌಂಡಿನ ದಶಾಜ್ಞೆಗಳ ಗ್ರಾನೈಟ್ ಕಲ್ಲು ಇಡಿಸಿದರು. ನ್ಯಾಯ ಕೇಳಿ ಬಂದವರೆಲ್ಲ ಅದರ ಮುಂದೆ ಹಾದುಹೋಗಬೇಕಿತ್ತು. ತೆಗೆಯಿರಿ ಎಂಬ ಫೆಡರಲ್ ಕೋರ್ಟಿನ ಆದೇಶಕ್ಕೆ ಒಪ್ಪದೆ 2003ರಲ್ಲಿ ಹುದ್ದೆ ಕಳೆದುಕೊಂಡರು. ನಿನ್ನ ಮೇಜು ಕೌಂಟರಿನಲ್ಲಿ ಸಾರ್ವಜನಿಕರಿಗೆ ಎದುರಾಗಿದ್ದರೆ ಮಾತ್ರ ಆಫೀಸಿನ ನಿಯಮ ಒಮ್ಮೆ ಕೇಳಿಕೋ.

ಪ್ರಶ್ನೆ: ಡಾಲರ್ ನೋಟಿನ ಮೇಲೇ "ಇನ್ ಗಾಡ್ ವಿ ಟ್ರಸ್ಟ್" ಇದೆಯಲ್ಲ?
– ಕಾಲೇಜು ವಿದ್ಯಾರ್ಥಿ, ಮಿಶಿಗನ್

ಉತ್ತರ: ಇದೆ. ಅಂತರ್ಯುದ್ಧದ ಕಾಲದಲ್ಲಿ, 1864ರ ಎರಡು ಸೆಂಟ್ ನಾಣ್ಯದಲ್ಲಿ ಮೊದಲು ಬಂತು. ಎಲ್ಲ ಹಣದ ಮೇಲೂ ಇರಬೇಕೆಂಬ ಕಾನೂನು 1955ರದು, ರಾಷ್ಟ್ರದ ಧ್ಯೇಯವಾಕ್ಯವಾದದ್ದು 1956, ಕಾಗದದ ನೋಟಿನ ಮೇಲೆ ಬಂದದ್ದು 1957. ಶಾಲೆಗಳಲ್ಲಿ ಧ್ವಜದ ಮುಂದೆ ಹೇಳುವ ನಿಷ್ಠೆಯ ಪ್ರತಿಜ್ಞೆಯಾದ ಪ್ಲೆಡ್ಜ್‌ಗೆ "ಅಂಡರ್ ಗಾಡ್" ಸೇರಿದ್ದು 1954ರಲ್ಲಿ. ಕಮ್ಯುನಿಸ್ಟ್ ರಷ್ಯಾ ಬೇರೆ, ನಾವು ಬೇರೆ ಎಂದು ತೋರಿಸಿಕೊಳ್ಳುವ ತವಕದ ವರ್ಷಗಳು ಅವು. ನೋಟಿನ ಮಾತು ಪೂಜೆಯಲ್ಲ, ಔಪಚಾರಿಕ ಎಂದು ಕೆಳ ಕೋರ್ಟುಗಳು ಹೇಳುತ್ತಾ ಬಂದಿವೆ. ಪ್ಲೆಡ್ಜ್ ಹೇಳದೆ ಸುಮ್ಮನೆ ನಿಲ್ಲುವ ಅಥವಾ ಕೂರುವ ಹಕ್ಕು ಮಾತ್ರ ಗಟ್ಟಿ. ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದ ಮಕ್ಕಳು ಅದನ್ನು 1943ರಲ್ಲಿ, ಯುದ್ಧ ನಡೆಯುತ್ತಿದ್ದಾಗಲೇ, ಗೆದ್ದುಕೊಟ್ಟಿದ್ದಾರೆ.

ಪ್ರಶ್ನೆ: ಎಪ್ಪತ್ತರ ಹತ್ತಿರ ಬಂದಿದ್ದೇನೆ. ಮುಂದಿನ ತಿಂಗಳು ಪೌರತ್ವದ ಸಂದರ್ಶನ. ಪ್ರಮಾಣವಚನದ ಕೊನೆಗೆ "ಸೋ ಹೆಲ್ಪ್ ಮಿ ಗಾಡ್" ಎಂದು ಬರುತ್ತದೆ. ಲಿಂಗಧಾರಿಯಾದ ನಾನು ಅದನ್ನು ಅವರ ದೇವರ ಹೆಸರಿನಲ್ಲಿ ಹೇಳಿದಂತಾಗುವುದಿಲ್ಲವೇ?
– ಒಬ್ಬ ಅಜ್ಜಿ, ಕ್ಯಾಲಿಫೋರ್ನಿಯಾ

ಉತ್ತರ: ಅಜ್ಜೀ, ಇಲ್ಲ. ಯಾವ ದೇವರು ಎಂದು ಆ ಪ್ರಮಾಣದಲ್ಲಿ ಹೇಳಿಲ್ಲ. ನಿಮ್ಮ ಕೊರಳಲ್ಲಿರುವ ಇಷ್ಟಲಿಂಗವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದರೆ ಅದು ನಿಮ್ಮ ಶಿವನಿಗೇ ಸಲ್ಲುತ್ತದೆ. ಹಾಗೂ ಮನಸ್ಸು ಒಪ್ಪದಿದ್ದರೆ ಆ ಮಾತು ಬಿಟ್ಟು, ಆಣೆ ಇಡುವ ಬದಲು "ಸಾಲೆಮ್ಲಿ ಅಫರ್ಮ್" ಎಂದು ದೃಢೀಕರಿಸಲು ಅವಕಾಶವಿದೆ. ಸಂದರ್ಶನದ ದಿನ ಅಧಿಕಾರಿಗೆ ಹೇಳಿದರೆ ಆಯಿತು, ಅದಕ್ಕೆ ದಾಖಲೆಪತ್ರ ಒದಗಿಸಬೇಕಿಲ್ಲ. 1853ರಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಕೂಡ ಆಣೆ ಇಡದೆ ದೃಢೀಕರಿಸಿಯೇ ಅಧಿಕಾರ ವಹಿಸಿಕೊಂಡರು. ಇಂಗ್ಲಿಷ್ ಓದುವುದು ತೊಡಕಾದರೆ ಮೊಮ್ಮಕ್ಕಳ ಹತ್ತಿರ ಆ ಸಾಲುಗಳನ್ನು ದೊಡ್ಡಕ್ಷರದಲ್ಲಿ ಬರೆಸಿಟ್ಟುಕೊಂಡು ಈಗಿನಿಂದಲೇ ಅಭ್ಯಾಸ ಮಾಡಿ.